ಗ್ರೀಕನ ಪೆಟ್ಟಿಗೆಗೂ ಒಂದು ಟಿಕೀಟು

ಅಂದು ಬೆಳಿಗ್ಗೆ ರೋಣದಲ್ಲಿ ನರಗುಂದದ ಬಸ್ಸು ಹತ್ತಿದವರು ನಾವಿಬ್ಬರು, ತೆಗೆಸಿದ ಟಿಕೀಟು ಮಾತ್ರ ಮೂರು. ಮೂರನೆಯದು ಒಂದು ಪೆಟ್ಟಿಗೆಗೆ. ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಅದು. ಒಂದಾಣೆಗೆ ಆರು ಪೈಸೆಯೋ ಆರೂಕಾಲೋ ಎಂದು ತಾಲೂಕಿಗೆ ತಾಲೂಕೇ ತಲೆ ಕೆರೆದುಕೊಳ್ಳುತ್ತಿತ್ತು. ಕಂಡಕ್ಟರ್ ದಾವಲಸಾಬ ಹದಿನೈದಾಣೆಯ ದರವನ್ನು ಪೈಸೆಗೆ ಇಳಿಸುತ್ತ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದು, ಕೊನೆಗೆ ನನ್ನ ಜೊತೆಗಿದ್ದ ಬಿಳಿಯ ಮನುಷ್ಯರ ತೊಡೆಯ ಮೇಲಿನ ಪೆಟ್ಟಿಗೆಯನ್ನು ಕಂಡ. ಹಾರ್ಮೋನಿಯಮ್ಮಿನಷ್ಟು ದೊಡ್ಡ ಮರದ ಪೆಟ್ಟಿಗೆ.

“ಪೆಟಗಿ ಟಪ್ಪಿನ ಮ್ಯಾಲ ಹಾಕಸ್ತೀನಿ ಕೊಡ್ರಿ ಸಾಹೇಬ್ರ. ತೊಡಿ ಮ್ಯಾಲ ಇಟ್ಕೊಂಡ್ರ ಕಾಲ ಜೋಮ ಹಿಡೀತಾವ” ಎಂದ.

ಸಾಹೇಬರು ಕೊಡಲಿಲ್ಲ. ಎರಡೂ ಕೈಯಿಂದ ಅವುಚಿಕೊಂಡರು. ಆಮೇಲೆ ನಮ್ಮಿಬ್ಬರ ನಡುವಿನ ಸೀಟಿನ ಮೇಲೆ ಮೆಲ್ಲಗೆ ಇಟ್ಟರು.

“ಹಂಗಾರ ಸಂದೂಕಕ್ಕ ಬ್ಯಾರೆ ಟಿಕೀಟ ಆಗತೈತಿ ಮಾಸ್ತರ್ರ. ಸೀಟ ಹಿಡದೈತಿ. ಹಿಸಾಬ ಅಂದ್ರ ಹಿಸಾಬ.”

ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ದುಡ್ಡು ಚಾಚಿದ್ದರು. ಸಂದೂಕ, ಹಿಸಾಬ ಎರಡೂ ಅವರಿಗೆ ಗೊತ್ತಂತೆ, ಅವರ ಊರಿನ ಪೇಟೆಯಲ್ಲೂ ಇವೇ ಮಾತಂತೆ. ದುಭಾಷಿ ಎಂದು ಹೊರಟ ನಾನು ಬಸ್ಸು ಬಿಡುವ ಮೊದಲೇ ಕೆಲಸ ಕಳೆದುಕೊಂಡವನಂತಾಗಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಇವರು ಯಾರೆಂದು ಹೇಳಬೇಕು. ಹೆಸರು ಮಿಹಾಲಿ. ಕುಲದಲ್ಲಿ ಗ್ರೀಕರು, ಹುಟ್ಟಿದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ, ಕೆಲಸ ಅಲ್ಲಿನ ಒಂದು ಹತ್ತಿ ವಖಾರದಲ್ಲಿ. ಅವರ ತಂದೆ ಕೋಸ್ತಾ ಎನ್ನುವವರು ಮೊದಲ ಮಹಾಯುದ್ಧದ ಕಾಲಕ್ಕೆ ಒಂದು ಗ್ರೀಕ್ ಕಂಪನಿಯ ಪರವಾಗಿ ಹತ್ತಿ ಖರೀದಿಗೆಂದು ನಮ್ಮ ಎರೆಸೀಮೆಗೆ ಬಂದು ಇಲ್ಲೇ ಎಲ್ಲೋ ತೀರಿಕೊಂಡಿದ್ದರು. ಎಲ್ಲಿ ಎಂಬುದು ಮನೆಯವರಿಗೆ ಗೊತ್ತಿರಲಿಲ್ಲ. ಉಳಿದದ್ದು ಅವರು ಓಡಾಡುತ್ತಿದ್ದ ಮೂರು ಊರಿನ ಹೆಸರು: ರೋಣ, ನರಗುಂದ, ಗಜೇಂದ್ರಗಡ. ಮಿಹಾಲಿಯ ತಾಯಿ ಸಂಜೆಯ ಪ್ರಾರ್ಥನೆ ಮುಗಿಸಿ, ಈ ಮೂರು ಹೆಸರು ಹೇಳಿ, ದೀಪ ಹಚ್ಚುತ್ತಿದ್ದರಂತೆ. ನಮ್ಮ ಧೂಳಿನ ಊರುಗಳ ಹೆಸರನ್ನು ಯಾವುದೋ ಬಂದರಿನಲ್ಲಿ ಯಾರೋ ತಾಯಿ ದೇವರ ಮುಂದೆ ಹೇಳುತ್ತಿದ್ದಳೆಂದು ಕೇಳಿ ನನಗೆ ಹೆಮ್ಮೆಯೂ ಆಯಿತು, ಯಾಕೋ ಅಂಜಿಕೆಯೂ ಆಯಿತು.

ಗ್ರೀಕರಲ್ಲಿ ಸತ್ತವರನ್ನು ಹೂತು ಕೆಲವು ವರ್ಷದ ಮೇಲೆ ಮಣ್ಣು ತೆಗೆದು, ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು, ತಮ್ಮವರ ಎಲುಬಿನ ಪಕ್ಕದಲ್ಲಿ ಇರಿಸುವ ಪದ್ಧತಿ ಇದೆ. ಮಿಹಾಲಿ ತಂದೆಯ ಎಲುಬು ಒಯ್ಯಲು ಬಂದಿದ್ದರು. ಪೆಟ್ಟಿಗೆ ಅದಕ್ಕೇ ತಂದದ್ದು, ಖಾಲಿ ಇದೆ ಎಂದು ನಾನು ತಿಳಿದಿದ್ದೆ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ನಿಶ್ಚಿಂತೆಯಿಂದ ಅದರ ಮೇಲೆ ಇಟ್ಟೆ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಗದಗಿನ ಹತ್ತಿ ಪೇಟೆಯಲ್ಲಿರುವ ನನ್ನ ಸೋದರಮಾವ. ಸಾಲಿಗೆ ಸೂಟಿ ಬಿಟ್ಟಿತ್ತು, ನನಗೆ ಇಂಗ್ಲಿಷ್ ಬರುತ್ತಿತ್ತು, ಮೇಲಾಗಿ ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವನು. “ಗ್ರೀಕರ ಬಗ್ಗೆ ನಿನಗ ಗೊತ್ತೇ ಐತಲ್ಲೋ” ಎಂದರು ಮಾವ. ಗೊತ್ತಿತ್ತು. ನನ್ನ ಪಾಠದಲ್ಲಿ ಗ್ರೀಕರು ಅಲೆಕ್ಸಾಂಡರನ ಜೊತೆ ಬಂದು, ಪಂಜಾಬದಲ್ಲಿ ಜಗಳಾಡಿ, ದಣಿದು ತಿರುಗಿ ಹೋಗಿ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಉಳಿಯುವವರು. ಆಮೇಲೆ ಅವರೇನಾದರು ಎಂದು ನಾನೂ ಕೇಳಿರಲಿಲ್ಲ, ಹುಡುಗರೂ ಕೇಳಿರಲಿಲ್ಲ. ಅಂಥವರಲ್ಲಿ ಒಬ್ಬರು ಈಗ ಖಾಕಿ ಪ್ಯಾಂಟು ಹಾಕಿ, ನನ್ನ ಪಕ್ಕದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಹಾದಿ ಇಪ್ಪತ್ತೈದು ಮೈಲಿ. ಎರಡೂ ಕಡೆ ಹತ್ತಿ ಬಿಡಿಸುವ ಕೊನೆಯ ಸುತ್ತು ನಡೆದಿತ್ತು. ಬಿಸಿಲಿಗೆ ಬಸ್ಸಿನ ತಗಡು ಕಾದು ಕೈ ಇಡಲಾಗುತ್ತಿರಲಿಲ್ಲ. ನಾನು ಸುಮ್ಮನಿರಲಾಗದೆ, “ನಿಮ್ಮ ಗ್ರೀಸ್ ದೇಶದಲ್ಲಿ ಈಗ ಹವೆ ಹೇಗೆ?” ಎಂದು ಕೇಳಿದೆ.

“ಗೊತ್ತಿಲ್ಲ. ಚಿಕ್ಕವನಿದ್ದಾಗ ಸ್ವಲ್ಪ ಕಾಲ ಇದ್ದದ್ದು ಅಷ್ಟೇ” ಎಂದರು.

ಆಮೇಲೆ ಮುಂದಿನ ಸೀಟಿನ ಬೆನ್ನಿಗೆ ಹತ್ತಿದ ಧೂಳಿನಲ್ಲಿ ಬೆರಳಿನಿಂದ ಒಂದು ನಕಾಶೆ ಬರೆದರು. ನಡುವೆ ಸಮುದ್ರ, ಮೂಲೆಯಲ್ಲಿ ಕೈಬೆರಳಿನಂತೆ ಚಾಚಿದ ಚಿಕ್ಕ ದೇಶ. ಅಲ್ಲಿ ಕಲ್ಲು ಹೆಚ್ಚು, ಹೊಲ ಕಡಿಮೆ. ಅದಕ್ಕೇ ಜನ ನೀರಿಗಿಳಿದರಂತೆ. ಮೂರು ಸಾವಿರ ವರ್ಷದಿಂದ ಇಳಿದೇ ಇದ್ದಾರಂತೆ. ಸಮುದ್ರದ ದಂಡೆಗುಂಟ ಚುಕ್ಕೆ ಇಡುತ್ತ ಹೋದರು. ಇಲ್ಲಿ ಫ್ರಾನ್ಸಿನ ಬಂದರು, ಅದನ್ನು ಕಟ್ಟಿದವರು ನಾವು. ಇಲ್ಲಿ ಇಟಲಿಯ ಪಟ್ಟಣ, ಅದೂ ನಮ್ಮದೇ. ಮೇಲೆ ಕಪ್ಪು ಸಮುದ್ರ, ಅಲ್ಲಿಯ ರಶಿಯದ ಗೋಧಿ ನಮ್ಮ ಹಡಗಿನಲ್ಲೇ ಹೊರಬೀಳುತ್ತಿತ್ತು. ತುರ್ಕಸ್ಥಾನದ ದಂಡೆಯ ಸ್ಮಿರ್ನಾದಲ್ಲಿ ಅಂಜೂರ, ಒಣದ್ರಾಕ್ಷಿ. ಈಜಿಪ್ಟಿನಲ್ಲಿ ಹತ್ತಿ. ನೈಲ್ ನದಿಗುಂಟ ಹೋದರೆ ಹಳ್ಳಿಹಳ್ಳಿಗೆ ಒಂದು ಕಿರಾಣಿ ಅಂಗಡಿ, ಗಲ್ಲೆಯ ಮೇಲೆ ಒಬ್ಬ ಗ್ರೀಕ.

“ಇವೆಲ್ಲ ನಿಮ್ಮ ರಾಜ್ಯಗಳೇ?”

“ಕೆಲವು ಬಹಳ ಹಿಂದೆ ಇದ್ದವು. ಈಗ ಒಂದೂ ಇಲ್ಲ.”

“ಮತ್ತೆ ಜನ?”

“ಜನ ಇದ್ದೇ ಇದ್ದರು. ಮೊನ್ನೆಮೊನ್ನೆಯ ತನಕ.”

ಮೊನ್ನೆ ಏನಾಯಿತೆಂದು ಕೇಳಿದೆ. ಈಜಿಪ್ಟಿನ ಸರಕಾರ ಸುಯೆಜ್ ಕಾಲುವೆಯನ್ನು ತನ್ನದು ಮಾಡಿಕೊಂಡಾಗ ಇಂಗ್ಲಿಷರು, ಫ್ರೆಂಚರು ಹಡಗು ನಡೆಸುವವರನ್ನು ವಾಪಸು ಕರೆಸಿಕೊಂಡರಂತೆ. ಗ್ರೀಕರು ಮಾತ್ರ ನಿಂತು ಹಡಗು ದಾಟಿಸಿದರಂತೆ. ಹಾಗೆ ನಿಂತವರಿಗೂ ಈಗ ಅಲ್ಲಿ ಕೆಲಸ ಉಳಿಯುವ ಭರವಸೆ ಇಲ್ಲವಂತೆ. ಇನ್ನೊಂದು ಕಡೆ ಇವರ ಕುಲದವರೇ ಯುದ್ಧದ ಹಳೆಯ ಹಡಗುಗಳನ್ನು ಕೊಂಡು ಜಗತ್ತಿನ ಎಣ್ಣೆಯನ್ನೆಲ್ಲ ಸಾಗಿಸುತ್ತಿದ್ದಾರಂತೆ. ಮಾಲೀಕ ಗ್ರೀಕ, ವಾಸ ಲಂಡನ್ನಿನಲ್ಲಿ, ಹಡಗಿನ ಮೇಲಿನ ಬಾವುಟ ಪನಾಮಾದ್ದು, ಒಳಗಿನ ಎಣ್ಣೆ ಅರಬರದು. ಹಾಗಾದರೆ ಅದು ಯಾರ ಹಡಗು ಎಂದು ಕೇಳಿದೆ. ಅವರು “ಸಮುದ್ರದ್ದು” ಎಂದರು. ನನಗೆ ತಲೆ ತಿರುಗಿತು. ಬಸ್ಸಿನ ಕುಲುಕಾಟಕ್ಕೆ ಧೂಳು ಉದುರಿ ನಕಾಶೆಯ ಅರ್ಧ ಬಂದರುಗಳೂ ಮಾಯವಾಗಿದ್ದವು.

ಯಾವಗಲ್ಲು ದಾಟಿದ ಮೇಲೆ ಹೊಲದ ಬದಿಯ ಒಂದು ಬೇವಿನ ಗಿಡದ ಹತ್ತಿರ ಡ್ರೈವರ್ ಬಸ್ಸು ನಿಧಾನ ಮಾಡಿದ. ಗಿಡದ ಬುಡದಲ್ಲಿ ಮಣ್ಣಿನ ಕಟ್ಟೆ, ಅದರ ಮೇಲೊಂದು ಹಸಿರು ಬಾವುಟ, ಒಂದು ಕಾವಿ ಬಾವುಟ. ಹೆಂಗಸರು ಉಡಿಯಿಂದ ಒಂದೊಂದು ಎಳೆ ಅರಳೆ ತೆಗೆದು ಕಿಟಕಿಯಿಂದ ಆ ಕಡೆಗೆ ಎಸೆದರು. ದಾವಲಸಾಬ ಕಣ್ಣಿಗೆ ಕೈ ಒತ್ತಿಕೊಂಡ. ಇದು ಏನೆಂದು ಮಿಹಾಲಿ ಕೇಳಿದರು. “ಹಳ್ಳಿಯ ನಂಬಿಕೆ” ಎಂದು ವಿದ್ಯಾವಂತನ ಠೀವಿಯಿಂದ ಹೇಳಿ ನಾನು ರೊಟ್ಟಿಯ ಗಂಟು ಬಿಚ್ಚಿದೆ.

ಜೋಳದ ರೊಟ್ಟಿಯನ್ನು ಅವರು ಉಳ್ಳಾಗಡ್ಡಿ ಕಡಿದುಕೊಂಡು ಸರಾಗವಾಗಿ ತಿಂದರು. ಈಜಿಪ್ಟಿನ ಹಳ್ಳಿಯಲ್ಲೂ ಜೋಳದ ರೊಟ್ಟಿ ತಿಂದಿದ್ದೇನೆ, ಇದರಷ್ಟು ತೆಳ್ಳಗೆ ಬಡಿಯುವುದು ಅವರಿಗೆ ಬಾರದು ಎಂದರು. ನನಗೆ ಒಂದು ಭರಣಿಯಿಂದ ಕಪ್ಪು ಹಣ್ಣು ಕೊಟ್ಟರು. ನೇರಳೆ ಎಂದು ಬಾಯಿಗೆ ಹಾಕಿಕೊಂಡೆ, ಅದು ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ. ಉಪ್ಪು, ಕಹಿ, ಎಣ್ಣೆ ಮೂರೂ ಒಟ್ಟಿಗೆ ಬಂದವು. ನುಂಗಲೂ ಆಗದೆ ಉಗುಳಲೂ ಆಗದೆ ನರಗುಂದದ ಗುಡ್ಡ ಕಾಣುವ ತನಕ ದವಡೆಯಲ್ಲೇ ಇಟ್ಟುಕೊಂಡಿದ್ದೆ.

ನರಗುಂದದ ಚಹಾದ ಅಂಗಡಿಯಲ್ಲಿ ವಿಚಾರಿಸಿದಾಗ, “ಬಿಳೀ ಸಾಹೇಬಂದು ಗೋರಿ ಐತ್ರಿ, ಗುಡ್ಡದ ಬುಡಕ” ಎಂದರು. ಮಿಹಾಲಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಜಾಲಿಯ ಕಂಟಿ ಸರಿಸುತ್ತ, ಅಂಗಿ ಹರಿದುಕೊಳ್ಳುತ್ತ ಹೋದೆವು. ಕಲ್ಲೊಂದು ನಿಜಕ್ಕೂ ಇತ್ತು, ಇಂಗ್ಲಿಷ್ ಅಕ್ಷರವೂ ಇತ್ತು. ನಾನು ಮಣ್ಣು ಒರೆಸಿ ಓದಿದೆ. ಹಿಂದಿನ ಕಾಲದ ಯಾರೋ ಸಾಹೇಬ ತನ್ನ ನಿಷ್ಠಾವಂತ ನಾಯಿಗೆ ನೆಡಿಸಿದ ಕಲ್ಲು ಅದು.

ಮಿಹಾಲಿ ನಕ್ಕರು. ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ನೋಡಿದರೆ ಅವರು ಅಳುತ್ತಿದ್ದರು. ಸಮಾಧಾನ ಹೇಳಬೇಕೆಂದು, “ಚಿಂತೆ ಮಾಡಬೇಡಿ. ನಾಳೆ ಗಜೇಂದ್ರಗಡಕ್ಕೆ ಹೋಗೋಣ. ಈ ಖಾಲಿ ಪೆಟ್ಟಿಗೆ ಹೇಗೂ ತುಂಬುತ್ತದೆ” ಎಂದೆ.

“ಇದು ಖಾಲಿ ಇಲ್ಲ. ಇದರಲ್ಲಿ ನನ್ನ ತಾಯಿ ಇದ್ದಾಳೆ” ಎಂದರು.

ಒಬ್ಬ ಹೆಣ್ಣುಮಗಳ ಮೇಲೆ ಗಂಟು ಇಟ್ಟು, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಿದ್ದೆ. ಮುಟ್ಟಿದ್ದಕ್ಕೆ ಸ್ನಾನ ಮಾಡಬೇಕೋ, ತಾಯಿ ಎಂದು ನಮಸ್ಕಾರ ಮಾಡಬೇಕೋ ತಿಳಿಯಲಿಲ್ಲ. ಬಾವಿಗೆ ಹೋಗಿ ಎರಡು ಕೊಡ ಸುರುವಿಕೊಂಡು ಬಂದು, ಒದ್ದೆ ಅಂಗಿಯಲ್ಲೇ ಪೆಟ್ಟಿಗೆಗೆ ಕೈಮುಗಿದೆ. ಮಿಹಾಲಿ ಮುಚ್ಚಳ ತೆರೆದು ತೋರಿಸಿದರು. ಬಿಳಿಯ ಬಟ್ಟೆಯ ಗಂಟು, ಅದರ ಪಕ್ಕ ತಂದೆಯ ಎಲುಬು ತೊಳೆಯಲೆಂದು ತಂದ ಒಂದು ಚಿಕ್ಕ ಶೀಶೆ ದ್ರಾಕ್ಷಾರಸ. ನಮ್ಮ ಭಾಗದಲ್ಲಿ ಪಾನನಿಷೇಧ ಬಲವಾಗಿತ್ತು. ಎಲುಬು ಕಂಡು ಅಂಜಿದ್ದಕ್ಕಿಂತ ಆ ಶೀಶೆ ಕಂಡು ಹೆಚ್ಚು ಅಂಜಿದೆನೆಂದು ಹೇಳಿದರೆ ಸುಳ್ಳಲ್ಲ.

ತಾಯಿಯ ಹೆಸರು ಸೋಫಿಯಾ. ಸ್ಮಿರ್ನಾದಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯಾಕ್ಕೆ ಸೊಸೆಯಾಗಿ ಬಂದು, ಗಂಡ ಸತ್ತ ಸುದ್ದಿ ಬಂದ ಮೇಲೆ ಮಗನನ್ನು ಕಟ್ಟಿಕೊಂಡು ತವರಿಗೆ ಮರಳಿದವರು. ಕೆಲವೇ ವರ್ಷದಲ್ಲಿ ಯುದ್ಧವಾಗಿ ಸ್ಮಿರ್ನಾ ಸುಟ್ಟುಹೋಯಿತು. ಬೆಂಕಿಗೆ ಬೆನ್ನು ಮಾಡಿ, ಜನ ಕಿಕ್ಕಿರಿದ ದೋಣಿಯಲ್ಲಿ ಗ್ರೀಸಿನ ಬಂದರಿಗೆ ಬಂದರು. ಅಲ್ಲಿಯ ಸ್ವಂತ ಕುಲದವರೇ ಇವರನ್ನು ತುರ್ಕರ ಬೀಜ ಎಂದು ಹೀಗಳೆದರು. ಸ್ಮಿರ್ನಾದಲ್ಲಿ ತುರ್ಕರಿಗೆ ಇವರು ಗ್ರೀಕರು, ಗ್ರೀಸಿನಲ್ಲಿ ಗ್ರೀಕರಿಗೆ ತುರ್ಕರು. ಮತ್ತೆ ಹಡಗು ಹತ್ತಿ ಅಲೆಕ್ಸಾಂಡ್ರಿಯಾದಲ್ಲಿದ್ದ ಅಣ್ಣನ ಮನೆ ಸೇರಿದರೆ, ಅಲ್ಲಿ ಪರದೇಶಿ. ಈಗ ಮಗನಿಗೂ ಅಲ್ಲಿಂದ ಹೊರಡುವ ಕಾಲ ಬಂತು. ತಾಯಿಯ ಗೋರಿಗೆ ದೀಪ ಹಚ್ಚುವವರು ಉಳಿಯುವುದಿಲ್ಲವೆಂದು ಮಣ್ಣು ತೆಗೆಸಿ ಜೊತೆಗೆ ತಂದಿದ್ದರು.

“ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಕು. ಅದೊಂದೇ ಮಾತು ಕೊಟ್ಟಿದ್ದೇನೆ” ಎಂದರು ಮಿಹಾಲಿ.

“ಇಟ್ಟುಕೊಂಡು ಎಲ್ಲಿಗೆ ಹೋಗುತ್ತೀರಿ?”

“ಸೋದರಮಾವನ ಮಗ ಆಸ್ಟ್ರೇಲಿಯಕ್ಕೆ ಕರೆಯುತ್ತಾನೆ. ಚಿಕ್ಕಪ್ಪನ ಮಗ ಗ್ರೀಸಿಗೆ ಬಾ ಎನ್ನುತ್ತಾನೆ. ನೀವು ಇತಿಹಾಸದ ಮೇಷ್ಟ್ರು, ಹೇಳಿ, ನಮ್ಮ ಊರು ಯಾವುದು?”

ನಾನು ಏನು ಹೇಳಲಿ? ಹಿಂದಿನ ವರ್ಷವಷ್ಟೇ ನಾನೂ ಮುಂಬಯಿ ರಾಜ್ಯದವನಿದ್ದೆ. ಕೂತಲ್ಲಿಂದ ಏಳದೆ ಮೈಸೂರು ರಾಜ್ಯದವನಾಗಿದ್ದೆ. ಪುಣೆಗೆ ಹೋದರೆ ಕಾನಡಿ ಎನ್ನುತ್ತಿದ್ದರು, ಮೈಸೂರಿಗೆ ಹೋದರೆ ನನ್ನ ಕನ್ನಡ ಕೇಳಿ ನಗುತ್ತಿದ್ದರು. ಆದರೂ ರೋಣ ರೋಣವೇ ಆಗಿತ್ತು. ಊರೇ ಇಲ್ಲದವರಿಗೆ ಊರು ಹೇಳುವ ಪಾಠ ನನ್ನ ಪುಸ್ತಕದಲ್ಲಿರಲಿಲ್ಲ. ಸಂಜೆಯ ಬಸ್ಸಿಗೆ ಮೂರು ಟಿಕೀಟು ತೆಗೆಸಿ ರೋಣಕ್ಕೆ ಮರಳಿದೆವು. ಬೇವಿನ ಗಿಡದ ಹತ್ತಿರ ಬಸ್ಸು ಮತ್ತೆ ನಿಧಾನವಾಯಿತು. ಈ ಸಲವೂ ಕಿಟಕಿಯಿಂದ ಅರಳೆ ಹಾರಿತು.

ಮರುದಿನ ಗಜೇಂದ್ರಗಡ. ರೋಣದಿಂದ ಹದಿನೇಳು ಮೈಲಿ. ಬಿಸಿಗಾಳಿ ಬೀಸುತ್ತಿತ್ತು. ಓಣಿಗಳಲ್ಲಿ ಮಗ್ಗದ ಸದ್ದು, ಹಿಂದೆ ಗೋಡೆ ಕಟ್ಟಿದಂತೆ ಗುಡ್ಡ. ಪೇಟೆಯಲ್ಲಿ ಹಳೆಯ ದಲಾಲ ಅಂದಾನಪ್ಪನವರೊಬ್ಬರಿಗೇ ಆ ಕಾಲದ ನೆನಪು ಇದ್ದೀತು ಎಂದರು. ಎಂಬತ್ತರ ಹತ್ತಿರದ ಮುದುಕರು, ಅಡತಿ ಅಂಗಡಿಯ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೋಸ್ತಾ ಎಂಬ ಹೆಸರು ಹೇಳಿದ್ದೇ ತಡ, ನೆಟ್ಟಗಾದರು.

“ಕೋಸ್ತಪ್ಪ ಸಾಹೇಬ್ರ? ಅವರ ಮಗ ಏನ್ ಇಂವಾ? ಬಾ ತಮ್ಮಾ, ಹಿಂಗ ಬಾ. ಕೈ ಕೊಡು.”

ಹೆಗಲ ಮೇಲಿನ ವಲ್ಲಿಯನ್ನು ಎಳೆದು ಮಿಹಾಲಿಯ ಕೈಯ ಮೇಲೆ ಹಾಸಿ, ಅದರ ಒಳಗೆ ತಮ್ಮ ಕೈ ಹಾಕಿದರು. ನಮ್ಮ ಪೇಟೆಯಲ್ಲಿ ಧಾರಣೆಯನ್ನು ಬಾಯಿಂದ ಹೇಳುವುದಿಲ್ಲ. ವಲ್ಲಿಯೊಳಗೆ ಒಬ್ಬರ ಬೆರಳನ್ನು ಒಬ್ಬರು ಒತ್ತಿಯೇ ಹೇಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯದು. ಮುದುಕರು ಒತ್ತಿದರು, ಕಾದರು, ಮತ್ತೆ ಒತ್ತಿದರು. ಮಿಹಾಲಿ ಗಲಿಬಿಲಿಗೊಂಡು ನನ್ನ ಮುಖ ನೋಡಿದರು.

“ಮಾರಿ ಅವರದ ಐತಿ, ಖರೇ. ಆದ್ರ ಕೈಗೆ ಮಾತ ಬರಂಗಿಲ್ಲ” ಎಂದು ಅಂದಾನಪ್ಪ ಕೈ ಬಿಟ್ಟರು. “ನಿಮ್ಮಪ್ಪಂದು ಕೈ ಅಂದ್ರ ಕೈ. ಎಂಥಾ ದಲಾಲಗೂ ಅವರ ಬೆರಳಿಗೆ ಎದುರು ನಿಲ್ಲಾಕ ಆಗ್ತಿರಲಿಲ್ಲ. ಯಾಡ ಸುಗ್ಗಿಯೊಳಗ ಕಲ್ತಿದ್ರು. ಧರ್ಮಶಾಲಾದಾಗ ಯಾಕ ಇಳೀತೀರಿ ಅಂತ ನಾನ ಕರದು ಇಟ್ಕೊಂಡಿದ್ದೆ. ಇದ ಮನಿ, ಇದ ಪಡಸಾಲಿ.”

ಅವರು ಹೇಳಿದ್ದು ಇಷ್ಟು. ಯುದ್ಧ ಮುಗಿದ ಹೊತ್ತಿನಲ್ಲಿ ಮನೆಮನೆಗೆ ಹೆಣ ಬೀಳುವ ಜ್ವರ ಬಂತು. ಕೋಸ್ತಪ್ಪ ಹತ್ತಿಯ ಚಕ್ಕಡಿಗಳನ್ನು ಹೂಡಿಸಿಕೊಂಡು ನರಗುಂದದಿಂದ ರೋಣಕ್ಕೆ ಹೊರಟಿದ್ದವರು ಯಾವಗಲ್ಲಿನ ಹತ್ತಿರ ಉಳಿದುಬಿಟ್ಟರು. ಬಂಡಿಯವರೆಲ್ಲ ಓಡಿಹೋದರು. ಅಲ್ಲಿ ಬಯಲಿನಲ್ಲಿ ಗುಡಿಸಲು ಹಾಕಿ ಬಿದ್ದಿದ್ದ ರೋಗಿಗಳ ಮೈಕೆಳಗೆ ಅವರು ಕಂಪನಿಯ ಹತ್ತಿಯ ಅಂಡಿಗೆ ಬಿಚ್ಚಿ ಹಾಸಿದರು. ಗಂಜಿ ಕುಡಿಸಿದರು. ಊರು ಚೇತರಿಸಿಕೊಳ್ಳುವ ಹೊತ್ತಿಗೆ ತಾವೇ ಮಲಗಿದರು.

“ಎಲ್ಲಿ ಹೂಳಿದರು?” ಎಂದು ನಾನು ಕೇಳಿದೆ.

“ಹಾದಿ ಮ್ಯಾಲ ಬೇವಿನ ಗಿಡ ಐತಲ್ರಿ ಮಾಸ್ತರ್ರ, ಅರಳಿ ಒಗೀತಾರಲ್ಲ, ಅದ. ನೀವು ರೋಣದವರು, ನಿಮಗ ಗೊತ್ತಿಲ್ಲೇನು?”

ನನಗೆ ಗೊತ್ತಿರಲಿಲ್ಲ. ಒಂದೇ ದಿನ ಎರಡು ಸಲ ತಂದೆಯ ಮುಂದೆಯೇ ತಾಯಿಯನ್ನು ಹೊತ್ತುಕೊಂಡು ದಾಟಿ ಹೋಗಿದ್ದೆವು. ಹಳ್ಳಿಯ ನಂಬಿಕೆ ಎಂದು ನಾನೇ ಅವರಿಗೆ ವಿವರಿಸಿಯೂ ಇದ್ದೆ. ಈಗ ಇದನ್ನು ಇಂಗ್ಲಿಷಿನಲ್ಲಿ ಹೇಳಲು ನಾಲಿಗೆ ತಡವರಿಸಿತು. ಮಿಹಾಲಿ ಕೋಪ ಮಾಡಲಿಲ್ಲ. ಅಂದು ನಾವು ಇಳಿದದ್ದು ಅದೇ ಪಡಸಾಲೆಯಲ್ಲಿ. ಮುದುಕರು ಮತ್ತೆ ಮತ್ತೆ ಹೇಳುತ್ತಿದ್ದ ‘ಮನಿ’ ಎಂದರೇನೆಂದು ಮಿಹಾಲಿ ಕೇಳಿ ತಿಳಿದುಕೊಂಡು, ತಮ್ಮಷ್ಟಕ್ಕೆ ಎರಡು ಮೂರು ಸಲ ಅಂದು ನೋಡಿದರು.

ಮರುದಿನ ರೋಣಕ್ಕೆ ಬಂದು ಹತ್ತಿದ್ದು ಮತ್ತೆ ದಾವಲಸಾಬನದೇ ಬಸ್ಸು. ಪೆಟ್ಟಿಗೆಗೆ ಅವನು ಕೇಳದೆಯೇ ಟಿಕೀಟು ಹರಿದ. ಬೇವಿನ ಗಿಡದ ಹತ್ತಿರ ಇಳಿಸೆಂದಾಗ, “ಹರಕಿ ಏನ್ರಿ ಸಾಹೇಬ್ರದು?” ಎಂದು ಆಶ್ಚರ್ಯಪಟ್ಟ. ನಾನು ಹೌದು ಎಂದೆನೋ ಅಲ್ಲ ಎಂದೆನೋ ನೆನಪಿಲ್ಲ.

ಕಟ್ಟೆಯನ್ನು ಸಾರಿಸುತ್ತಿದ್ದವರು ಗಂಗವ್ವ ಎನ್ನುವ ಹಿರಿಯ ಹೆಂಗಸು. ಆ ಹೊಲವೂ ಅವರದೇ. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಬಿಳಿಯ ಮನುಷ್ಯರನ್ನು ಕಂಡು ಒಬ್ಬೊಬ್ಬರಾಗಿ ಬಂದು ನಿಂತರು. ಇವರು ಕೋಸ್ತಪ್ಪನ ಮಗ ಎಂದು ನಾನು ಹೇಳಿದೆ. ಗಂಗವ್ವ ಕೊಡ ತಂದು ಮಿಹಾಲಿಯ ಬೂಟಿನ ಮೇಲೆಯೇ ನೀರು ಸುರಿದು ಹಣೆ ಹಚ್ಚಿದರು. ಒಬ್ಬಳು ಓಡಿಹೋಗಿ ಮೊರದ ತುಂಬ ಹತ್ತಿಕಾಳು ತಂದು ಅವರ ಮುಂದೆ ಹಿಡಿದಳು. ಗದ್ದಿಗೆಯ ವಾರಸುದಾರ ಬಂದಿದ್ದಾನೆ, ಬೀಜ ಮುಟ್ಟಿಸಿಕೊಂಡರೆ ಬೆಳೆ ಬರುತ್ತದೆ ಎಂದು ಅವರ ಲೆಕ್ಕ.

“ಏನು ಕೇಳುತ್ತಿದ್ದಾರೆ?” ಎಂದರು ಮಿಹಾಲಿ, ಒದ್ದೆ ಬೂಟಿನಲ್ಲಿ ನಿಂತು.

“ಮುಂದಿನ ವರ್ಷದ ಬೆಳೆ.”

“ನನಗೆ ಬೆಳೆ ತಿಳಿಯದು. ಅರಳೆಯ ಗುಣ ನೋಡಿ ಹೇಳುವುದಷ್ಟೇ ಬರುತ್ತದೆ.”

ಆದರೂ ಮುಟ್ಟಿದರು. ಮುಟ್ಟಿಸದೆ ಬಿಡುವವರಲ್ಲ ಆ ಹೆಂಗಸರು. ನನಗೀಗ ಬಂದ ಕೆಲಸ ಹೇಳಬೇಕಿತ್ತು, ಹೇಗೆ ಹೇಳುವುದೆಂದು ತಿಳಿಯದೆ ಸುತ್ತು ಬಳಸಿ ಹೇಳಿದೆ. ಹೆಂಗಸರ ಮುಖ ಕಪ್ಪಿಟ್ಟಿತು. ಗಂಗವ್ವ ಕಟ್ಟೆಯ ಮೇಲೆ ಅಂಗೈ ಊರಿ ಕೂತರು.

“ಅವರು ಕುಂತಾರೋ ಯಪ್ಪಾ. ಮಲಗಿದವರಾಗಿದ್ರ ಎಬ್ಬಸಬಹುದಿತ್ತು. ಕುಂತವರ್ನ ಹ್ಯಾಂಗ ಎಬ್ಬಸತಿ?”

ಮಿಹಾಲಿಗೆ ಅರ್ಥವಾಗಲಿಲ್ಲ. ನಾನು ಗಂಗವ್ವನನ್ನು ಕೇಳಿ ಬಿಡಿಸಿ ಹೇಳಿದೆ. ಗದಗಿನಿಂದ ಪಾದ್ರಿಯನ್ನು ಕರೆಸಲು ಓಡುವ ಕಾಲೂ ಇರಲಿಲ್ಲ, ಕಾಲವೂ ಇರಲಿಲ್ಲ. ಊರವರು ತಮ್ಮ ಹಿರಿಯರಿಗೆ ಮಾಡುವಂತೆಯೇ ಮಾಡಿದ್ದರು. ಕುಣಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಸುತ್ತ ಪತ್ರಿ ಹಾಕಿ ಮಣ್ಣು ಕೊಟ್ಟಿದ್ದರು. ಮುಸಲ್ಮಾನರ ಹಿರಿಯರು ಬಂದು ಲೋಬಾನ ಹಾಕಿದ್ದರು. ಗದ್ದಿಗೆಯಾದ ಮೇಲೆ ಅಗೆಯುವ ಮಾತಿಲ್ಲ.

“ನನ್ನ ತಂದೆ ಇಷ್ಟು ವರ್ಷವೂ ಕೂತೇ ಇದ್ದಾರೆಯೇ?”

“ಹೌದು.”

“ಯಾರಿಗಾಗಿ?”

ಮಿಹಾಲಿ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡು ಬಿಸಿಲಿನಲ್ಲೇ ಕೂತರು. ತಾಯಿಗೆ ಕೊಟ್ಟ ಮಾತು ಇಲ್ಲಿಗೆ ಮುಗಿಯಿತೆಂದು ನನಗೆ ಸಂಕಟವಾಯಿತು. ತಂದೆಯನ್ನು ಕೊಡಿ ಎಂದು ಜಗಳಾಡಲೂ ಮನಸ್ಸು ಬರಲಿಲ್ಲ, ಸುಮ್ಮನಿರಲೂ ಬರಲಿಲ್ಲ.

“ಪೆಟಗ್ಯಾಗ ಏನೈತಿ?” ಎಂದು ಗಂಗವ್ವ ಕೇಳಿದರು.

ಹೇಳಿದೆ. ಸೋಫಿಯಾ ಎಂಬ ಹೆಸರು, ಸುಟ್ಟ ಊರು, ಹಡಗು, ದಿನಾ ಸಂಜೆ ಹಚ್ಚುತ್ತಿದ್ದ ದೀಪ, ಮೂರು ಊರಿನ ಹೆಸರು, ಎಲ್ಲ ಹೇಳಿದೆ. ಸಮುದ್ರ ಎಂದಾಗ ಒಬ್ಬಳು, “ಅಷ್ಟ ನೀರಿದ್ದಲ್ಲೆ ಹ್ಯಾಂಗ ಮನಿ ಕಟ್ಟತಾರ್ರಿ?” ಎಂದಳು. ನನಗೂ ಅದೇ ಗೊತ್ತಾಗಿಲ್ಲ ಎಂದೆ. ಗಂಗವ್ವ ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. ಆಮೇಲೆ ಎದ್ದು ಸೆರಗು ಬಿಗಿದರು.

“ಏ, ಮನಿಗೆ ಓಡ್ರೆ. ಖಣ, ಅರಿಷಿಣ, ಕೊಬ್ರಿ ಬಟ್ಟಲ ತರ್ರಿ. ಹೊಸ್ತಿಲಕ್ಕ ಬಂದಾಕಿನ್ನ ಬಿಸಲಾಗ ಕುಂದರಸೀರಲ್ಲ.”

“ಯವ್ವಾ, ಉಡಿ ತುಂಬಾಕೇನ? ಆಕಿ ವಿಧವಿ ಅಲ್ಲೇನು?” ಎಂದಳು ಒಬ್ಬ ನಡುವಯಸ್ಸಿನವಳು.

ಮಾತು ಬೆಳೆಯಿತು. ಗಂಡ ಸತ್ತವಳಿಗೆ ಉಡಿ ತುಂಬುವುದುಂಟೆ, ಎಲುಬಿಗೆ ಉಡಿ ಉಂಟೆ, ಬೇರೆ ಜಾತಿಗೆ ಉಂಟೆ ಎಂದು ಆರೇಳು ಬಾಯಿ ಒಮ್ಮೆಲೇ ತೆರೆದವು. ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಡುವೆಯೇ ಕೈಬಿಟ್ಟೆ. ಗಂಗವ್ವ ಎಲ್ಲರನ್ನೂ ಗದರಿದರು.

“ಗಂಡನ ಮಗ್ಗಲಿಗೆ ಬಂದಾಕಿ ವಿಧವಿ ಹ್ಯಾಂಗ ಆಗ್ತಾಳ? ಆ ಜ್ವರದ ಬ್ಯಾನ್ಯಾಗ ನಾ ಹೊಸ ಸೊಸಿ. ಹತ್ತಿ ಮ್ಯಾಲ ಮಲಗಿಸಿ ಇವರು ನನ್ನ ಬಾಯಾಗ ಗಂಜಿ ಹಾಕ್ಯಾರ. ನಾ ಉಳದು ಗಂಡನ ಮನ್ಯಾಗ ಬಾಳೇವು ಮಾಡೇನಿ. ಇವರ ಹೇಣ್ತಿಗೆ ಗಂಡನ ಮನಿ ಇಲ್ಲೇನು?”

ಇಬ್ಬರು ಮನೆಯ ಕಡೆ ಓಡಿದರು. ನಾನು ಆ ಮಾತನ್ನು ಮಿಹಾಲಿಗೆ ಹೇಳಿದೆ. ನನ್ನ ಇಂಗ್ಲಿಷ್ ಅಷ್ಟಕ್ಕೆ ಸಾಲಿತೋ ಇಲ್ಲವೋ, ದೇವರೇ ಬಲ್ಲ. ಅವರು ನೆಲ ನೋಡುತ್ತ ಕೇಳಿದರು.

“ಎಲ್ಲ ಬಂದರಿನಲ್ಲೂ ನನ್ನ ತಾಯಿಯನ್ನು ಯಾವಾಗ ಹೋಗುತ್ತೀ ಎಂದೇ ಕೇಳಿದ್ದಾರೆ” ಎಂದರು. “ಇವರು ಬಾ ಎನ್ನುತ್ತಿದ್ದಾರೆಯೇ?”

“ಬಾ ಎನ್ನುತ್ತಿದ್ದಾರೆ.”

“ಆದರೆ ಇಲ್ಲಿ ಸಮುದ್ರವೇ ಇಲ್ಲ.”

“ಇಲ್ಲ” ಎಂದೆ. ತಾಯಿಯನ್ನು ಇಲ್ಲೇ ಬಿಡಿ ಎಂದು ಹೇಳಿದಂತಾಯಿತೋ, ಬೇಡ ಎಂದು ಹೇಳಿದಂತಾಯಿತೋ ನನಗೇ ತಿಳಿಯಲಿಲ್ಲ. ಎಲ್ಲಿ ನೋಡಿದರೂ ಕಪ್ಪು ಮಣ್ಣು, ದೂರದಲ್ಲಿ ನರಗುಂದದ ಗುಡ್ಡ. ನೀರಿನ ಸುಳಿವಿಲ್ಲ. ಮಿಹಾಲಿ ಸುತ್ತಲೂ ಕಣ್ಣು ಹಾಯಿಸಿ, “ಆಕೆಗೆ ಸಮುದ್ರ ಸಾಕಾಗಿತ್ತು” ಎಂದರು.

ಗದ್ದಿಗೆಯನ್ನು ಮುಟ್ಟದೆ, ಅದರ ಎಡಗಡೆಗೆ ಕುಣಿ ತೋಡಿದರು. ಹೆಂಡತಿ ಎಡಗಡೆಯೇ ಆಗಬೇಕೆಂದು ಗಂಗವ್ವ ಹಟ ಹಿಡಿದರು. ಹಸಿರು ಖಣ ಹಾಸಿದ ಪೆಟ್ಟಿಗೆಯ ಮೇಲೆ ಕೊಬ್ಬರಿ, ಅರಿಷಿಣ ಬೇರು, ಜೋಳ, ಒಂದು ಹಿಡಿ ಅರಳೆ ಹಾಕಿದರು. ವಿಧವೆ ಎಂದು ತಕರಾರು ತೆಗೆದಿದ್ದವಳೇ ಮುಚ್ಚಳಕ್ಕೆ ಕುಂಕುಮ ಹಚ್ಚಿ, ಎಲ್ಲರಿಗಿಂತ ಮೊದಲು ಅತ್ತಳು. ಮಿಹಾಲಿ ತಮ್ಮ ಭಾಷೆಯಲ್ಲಿ ಏನೋ ಪ್ರಾರ್ಥನೆ ಹೇಳಿದರು. ಅದರ ಕೊನೆಗೆ ನಮ್ಮ ಮೂರು ಊರಿನ ಹೆಸರು ಬಂದಾಗ ಹೆಂಗಸರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಶೀಶೆಯ ದ್ರಾಕ್ಷಾರಸವನ್ನು ಇಬ್ಬರ ಮಣ್ಣಿನ ಮೇಲೂ ಸುರಿದರು. ಪೋಲೀಸ ಪಾಟೀಲ ಎಲ್ಲಿಯಾದರೂ ಇದ್ದಾನೆಯೇ ಎಂದು ನಾನು ನಾಲ್ಕೂ ದಿಕ್ಕು ನೋಡಿದೆ. ಔಷಧ ಇರಬೇಕೆಂದು ಗಂಗವ್ವ ಒಂದು ಹನಿ ಕಣ್ಣಿಗೆ ಒತ್ತಿಕೊಂಡರು.

ನಾವು ಮಾಡಿದ್ದು ಸರಿಯೋ ತಪ್ಪೋ ನನಗೆ ಈಗಲೂ ಬಗೆಹರಿದಿಲ್ಲ. ಒಬ್ಬರನ್ನು ಒಯ್ಯಲು ಬಂದವರು ಇಬ್ಬರನ್ನೂ ಬಿಟ್ಟು ನಡೆದರು. ಮುಂದೆ ಅವರು ಎಲ್ಲಿಗೆ ಹೋಗುವರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಗವ್ವ ಅವರ ಕಿಸೆಗೆ ಅರಳೆ ತುರುಕಿ, “ವರ್ಷಕ್ಕೊಮ್ಮಿ ಬರ್ತಿರು ಮಗನ. ಅವ್ವ ಅಪ್ಪ ಇರೂ ತಾವ ಅದು” ಎಂದರು.

ಹೊತ್ತು ಇಳಿಯುವಾಗ ನರಗುಂದದಿಂದ ಬಸ್ಸು ಬಂತು. ಮಿಹಾಲಿ ಕಿಟಕಿಯ ಪಕ್ಕ ಕೂತರು, ನಾನು ಈಚೆ ಕೂತೆ. ನಡುವಿನ ಸೀಟಿನಲ್ಲಿ ಇಬ್ಬರೂ ಕೂರಲಿಲ್ಲ. ಅವರ ಎಡಗೈ ಪೆಟ್ಟಿಗೆಯನ್ನು ಹಿಡಿದುಕೊಂಡಂತೆ ಆ ಖಾಲಿ ಜಾಗದ ಮೇಲೆಯೇ ಇತ್ತು. ದಾವಲಸಾಬ ಬಂದು ಮೂರು ಟಿಕೀಟು ಹರಿಯಲು ಕೈ ಹಾಕಿ, ಸೀಟು ನೋಡಿ ಗಾಬರಿಯಾದ.

“ಸಾಹೇಬ್ರ, ಸಂದೂಕ? ಸಂದೂಕ ಮರತ ಬಂದೀರೇನ್ರಿ? ಗಾಡಿ ನಿಂದ್ರಸ್ಲೇನು?”

ನಾನು ಬಾಯಿ ತೆರೆಯುವ ಮೊದಲೇ ಮಿಹಾಲಿ ಅವನ ಕಡೆ ತಿರುಗಿ, ಒಂದೊಂದೇ ಅಕ್ಷರ ಹುಡುಕುತ್ತ, ನಮ್ಮ ಮಾತಿನಲ್ಲೇ ಹೇಳಿದರು.

“ಮನಿ. ಅವ್ವ... ಮನಿಯಾಗ.”

ದಾವಲಸಾಬ ಏನು ತಿಳಿದುಕೊಂಡನೋ, ಎರಡೇ ಟಿಕೀಟು ಹರಿದ.